ದೊಡ್ಡಮ್ಮನನ್ನು ಯಾರೂ ತಳ್ಳಬೇಡಿ

ಎಲ್ಲದಕ್ಕೂ ಮೂಲ ಒಂದು ಚಪ್ಪಲಿ. ನಕ್ಷೆಯಪ್ಪನ ಹೆಂಡತಿಯ ಹೊಸ ಚಪ್ಪಲಿ.

ಹೋದ ತಿಂಗಳು ನಾಲ್ಕು ರಸ್ತೆ ಕೂಡುವಲ್ಲಿ, ಹಸಿರು ದೀಪ ಹತ್ತಿದ ಗಳಿಗೆಗೆ ಸರಿಯಾಗಿ ಗಂಡ ಓಡಿಸುತ್ತಿದ್ದ ಕಾರು ನಿಂತುಹೋಯಿತು. ಹಿಂದೆ ಇಪ್ಪತ್ತು ಗಾಡಿಗಳು ಹಾರನ್ ಬಾರಿಸುತ್ತಿದ್ದವು. ಆಕೆ ಹಲ್ಲು ಕಚ್ಚಿಕೊಂಡು ಇಳಿದಳು, ತಳ್ಳಿದಳು. ಕಾರು ಹೊರಟಿತು, ಚಪ್ಪಲಿ ಕಿತ್ತುಕೊಂಡು ರಸ್ತೆಯಲ್ಲೇ ಉಳಿಯಿತು. ಅದರ ಮೇಲೆ ಇಪ್ಪತ್ತೂ ಗಾಡಿಗಳು ಒಂದೊಂದಾಗಿ ಹಾದುಹೋದವು.

ಕಾರು ಗಂಡನಿಗಿಂತ ಎರಡು ವರ್ಷ ದೊಡ್ಡದು. ದುಂಡು ದೀಪ, ಉಬ್ಬಿದ ಕೆನ್ನೆ, ಮಾಗಿದ ಹಣ್ಣಿನ ಬಣ್ಣ. ಗೇಟಿನೊಳಗೆ ಬರುವಾಗ ಮದುವೆಮನೆಗೆ ಬಂದ ಹಿರಿಯ ಹೆಂಗಸಿನ ಗತ್ತು. ಓಣಿಯವರು ಅದಕ್ಕೆ ದೊಡ್ಡಮ್ಮ ಅಂತಲೇ ಹೆಸರಿಟ್ಟಿದ್ದರು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಅದರ ಯಜಮಾನನಿಗೆ ನಕ್ಷೆಯಪ್ಪ ಎಂಬ ಹೆಸರೂ ಓಣಿಯದೇ ಕೊಡುಗೆ.

"ಇಂಥದ್ದನ್ನ ಪ್ರದರ್ಶನಕ್ಕೆ ಇಡಬೇಕು ಕಣ್ರೀ, ದಿನಾ ಆಫೀಸಿಗೆ ಒಯ್ತಾರಾ?" ಎಂದು ಯಾರಾದರೂ ಕೇಳಿದರೆ ಅವನಿಗೆ ರೇಗುತ್ತಿತ್ತು. "ನಿಮ್ಮ ದೊಡ್ಡಮ್ಮನ್ನ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸ್ತೀರೇನ್ರೀ?"

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಹೆಂಡತಿ ಮಾತ್ರ ಇಂಥ ಮಾತಿಗೆ ಕರಗುವವಳಲ್ಲ. ಅವಳಿಗೆ ಬೇಕಾದದ್ದು ಫಲಿತಾಂಶ. ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದವಳೇ ಷರತ್ತು ಹಾಕಿದಳು.

"ಮೂವತ್ತು ದಿನ. ದಿನಾ ಓಡಿಸಿ. ಒಂದೇ ಒಂದು ಸಲ ಯಾರಾದ್ರೂ ತಳ್ಳಿದ್ರು ಅಂತ ಕಿವಿಗೆ ಬಿತ್ತೋ, ಹೋಟೆಲಿನವನಿಗೆ ಕೊಟ್ಟುಬಿಡ್ತೀನಿ."

ಹೋಟೆಲಿನವನು ಮೂರು ತಿಂಗಳಿಂದ ಹಲ್ಲು ಗಿಂಜುತ್ತ ಹಿಂದೆ ಬಿದ್ದಿದ್ದ. ದೊಡ್ಡಮ್ಮನನ್ನು ಸೊಂಟಕ್ಕೆ ಸರಿಯಾಗಿ ಕತ್ತರಿಸಿ, ಮುಂದಿನ ಅರ್ಧವನ್ನು ಗೋಡೆಗೆ ಕೂರಿಸಿ, ಗಲ್ಲಾಪೆಟ್ಟಿಗೆ ಇಡುವ ಮೇಜು ಮಾಡುವುದು ಅವನ ಕನಸು. ಅದನ್ನು ನೆನೆದಾಗಲೆಲ್ಲ ನಕ್ಷೆಯಪ್ಪ ತನ್ನ ಸೊಂಟವನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಸೆಲ್ಫ್ ರಿಪೇರಿ ಮಾಡಿಸಿದ್ದೀನಿ ಕಣೇ. ಈಗ ಕೀ ತಿರುಗಿಸಿದರೆ ಸಾಕು," ಎಂದು ಮರುದಿನವೇ ಹೇಳಿಬಿಟ್ಟ.

ಶುದ್ಧ ಸುಳ್ಳು. ಸೆಲ್ಫ್ ಸತ್ತು ವರ್ಷವಾಗಿತ್ತು. ಅದರ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆ ಅದಕ್ಕಿಂತ ಮೊದಲೇ ಸತ್ತಿತ್ತು. ಆದರೆ ನಕ್ಷೆಯಪ್ಪನ ಮೇಜಿನ ಮೇಲೆ ಇಡೀ ಊರಿನ ಏರುತಗ್ಗು ತೋರಿಸುವ ನಕ್ಷೆಯಿತ್ತು. ಯಾವ ಬೀದಿ ಎಷ್ಟು ಅಡಿ ಇಳಿಯುತ್ತದೆ ಎಂಬುದು ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ಎಲ್ಲಿ ಹೋದರೂ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದ. ಬ್ರೇಕ್ ಬಿಟ್ಟರೆ ದೊಡ್ಡಮ್ಮ ತಾನೇ ಉರುಳುವಳು, ಕ್ಲಚ್ ಬಿಟ್ಟರೆ ಗುರ್ ಎಂದು ಏಳುವಳು. ಇಪ್ಪತ್ತೊಂಬತ್ತು ದಿನ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಾಗಿತ್ತು.

ಇವತ್ತು ಮೂವತ್ತು. ಸಂಜೆ ಆರಕ್ಕೆ ಗಡುವು.

ಬೆಳಿಗ್ಗೆ ಅವನು ಕಾರಿನಲ್ಲಿ ಕೂತದ್ದೇ ತಡ, ಎದುರುಮನೆಯ ಡ್ರಿಲ್ ಮಾಸ್ತರು ಅಂಗಿತೋಳು ಮಡಚಿಕೊಂಡು ಓಡಿಬಂದರು. ನಿವೃತ್ತರಾದ ಮೇಲೆ ಅವರ ಬಾಯಿಗೆ ಕೆಲಸವಿತ್ತು, ತೋಳಿಗೆ ಇರಲಿಲ್ಲ.

"ಕೊನೇ ದಿನ ಅಲ್ವೇನ್ರೀ? ಒಂದು ಕೈ ಕೊಟ್ಟುಬಿಡ್ತೀನಿ! ಐಲೇಸಾ..."

"ಮಾಸ್ತರೇ! ಕೈ ತೆಗೀರಿ! ದಮ್ಮಯ್ಯ!"

ಮಾಸ್ತರ ಅಂಗೈಗೂ ಡಿಕ್ಕಿಗೂ ನಡುವೆ ಮೂರೇ ಬೆರಳು ಉಳಿದಿತ್ತು. ನಕ್ಷೆಯಪ್ಪ ಬ್ರೇಕ್ ಬಿಟ್ಟ. ಕಾರು ಜಾರಿತು. ಮಾಸ್ತರು ಗಾಳಿಯನ್ನೇ ತಳ್ಳಿ ಮುಗ್ಗರಿಸಿದರು. ಇವತ್ತು ರಜೆಯಲ್ಲಿದ್ದ ಹೆಂಡತಿ ಗೇಟಿನಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದಳು.

ಕಚೇರಿಗೆ ಬಂದ. ಅವನ ನಿತ್ಯದ ಇಳಿಜಾರಿನಲ್ಲಿ ಒಂದು ಲಾರಿ ಕಬ್ಬಿಣದ ಕಪಾಟುಗಳನ್ನು ಹೊತ್ತು ಬಸುರಿ ಎಮ್ಮೆಯ ಹಾಗೆ ಕೂತಿತ್ತು. ಎರಡು ಸುತ್ತು ಹಾಕಿ, ಕೊನೆಗೆ ಕಟ್ಟಡದ ಹಿಂದೆ ನೀರಿನ ತೊಟ್ಟಿಯ ಪಕ್ಕದ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದ. ಹಿಂದಕ್ಕೆ ಉರುಳಿದರೂ ಉರುಳುವುದೇ ತಾನೆ?

ಮಧ್ಯಾಹ್ನ ಮೂರೂವರೆಗೆ ಟಪಾಲು ಗುಮಾಸ್ತ ಏದುಸಿರು ಬಿಡುತ್ತ ಬಂದ. ಇವನ ಹೆಂಡತಿಯೂ ನಕ್ಷೆಯಪ್ಪನ ಹೆಂಡತಿಯೂ ಒಂದೇ ಪ್ರಯೋಗಾಲಯದಲ್ಲಿ ಕೆಲಸ. ಇಲ್ಲಿ ಸೀನಿದರೆ ಅಲ್ಲಿ ಕೇಳಿಸುವಷ್ಟು ಸಂಪರ್ಕ.

"ಸಾಹೇಬರು ಇವತ್ತು ರಿಟೈರ್ ಅಲ್ವಾ, ಫೋಟೋಗೆ ನಿಮ್ಮ ಕಾರೇ ಬೇಕಂತೆ. ಮುಂದಿನ ಅಂಗಳಕ್ಕೆ ತರಬೇಕಂತೆ. ನಾಲ್ಕು ಜನ ಆಗಲೇ ತಳ್ಳೋಕೆ ಹೊರಟಿದ್ದಾರೆ."

"ತಳ್ಳೋಕಾ!"

ಬಾಲ ಸುಟ್ಟ ಬೆಕ್ಕಿನ ಹಾಗೆ ನಕ್ಷೆಯಪ್ಪ ಮೆಟ್ಟಿಲು ಹಾರಿದ. ನಾಲ್ವರನ್ನೂ ಪಕ್ಕಕ್ಕೆ ನೂಕಿ, ಕಾರಿನೊಳಗೆ ಬಿದ್ದು, ಹಿಂದಕ್ಕೆ ಉರುಳಿಸಿ ಎಬ್ಬಿಸಿ, ಅಂಗಳಕ್ಕೆ ತಂದು ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ಅಂಗಳ ಸ್ಲೇಟಿನಷ್ಟು ಸಮ.

ಸಾಹೇಬರು ಸ್ಟೀರಿಂಗ್ ಹಿಂದೆ ಕೂತು ಮಗುವಿನಂತೆ ನಕ್ಕರು. ಮೂವತ್ತೈದು ವರ್ಷ ಸರ್ಕಾರದ ಪೆನ್ಸಿಲನ್ನು ಬೆರಳಿಗೆ ಸಿಗದಷ್ಟು ಸವೆಯುವ ತನಕ ಬಳಸಿದ ಮನುಷ್ಯ. ಕ್ಯಾಮೆರಾದವನು "ಎಲ್ಲರೂ ಇಲ್ಲಿ ನೋಡಿ" ಅನ್ನುವಷ್ಟರಲ್ಲಿ, "ಸುಮ್ನೆ ಪೆಟ್ರೋಲ್ ಹಾಳು ಯಾಕ್ರೀ?" ಎಂದು ಕೀ ತಿರುಗಿಸಿಯೇಬಿಟ್ಟರು.

ದೊಡ್ಡಮ್ಮ ಒಮ್ಮೆ ಕೆಮ್ಮಿ ಮೌನವಾದಳು. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ. ಎಡಗಡೆಯ ಕೊನೆಯವನೊಬ್ಬ ಮಾತ್ರ ಹೆಣ ನೋಡಿದವನ ಹಾಗೆ ಬಾಯಿ ತೆರೆದಿದ್ದಾನೆ.

ಐದು ಗಂಟೆಗೆ ಇಡೀ ಕಚೇರಿ ತೋಳೇರಿಸಿ ನಿಂತಿತ್ತು. ನಕ್ಷೆಯಪ್ಪ ಡಿಕ್ಕಿಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ಕೂಗಿದ. "ಯಾರೂ ಮುಟ್ಟಬೇಡಿ! ಒಬ್ಬರ ಕಿರುಬೆರಳೂ ತಾಗಬಾರದು!"

"ಹಾಗಾದ್ರೆ ಇಲ್ಲೇ ಬಿಡಾರ ಹೂಡ್ತೀರಾ?" ಎಂದ ಟಪಾಲು ಗುಮಾಸ್ತ.

ಅಷ್ಟರಲ್ಲಿ ಕಪಾಟು ಇಳಿಸಿ ಹಗುರಾದ ಲಾರಿ ಗೇಟಿನ ಕಡೆ ಹೊರಟಿತು. ನಕ್ಷೆಯಪ್ಪನ ತಲೆಯಲ್ಲಿ ದೀಪ ಹತ್ತಿತು.

"ನಮ್ಮವಳು ಏನಂದಿದ್ದು? ತಳ್ಳಬಾರದು. ಎಳೀಬಾರದು ಅಂದಿದ್ದಾಳಾ?"

ಗುಮಾಸ್ತ ತಲೆ ಕೆರೆದುಕೊಂಡ. ಇಪ್ಪತ್ತು ವರ್ಷ ಸುತ್ತೋಲೆ ಓದಿದವನು. "ಇಲ್ಲ. ಆದೇಶದಲ್ಲಿ ಎಳೆಯುವ ಪ್ರಸ್ತಾಪವೇ ಇಲ್ಲ. ನಾನೇ ಸಾಕ್ಷಿ!"

ಹಗ್ಗ ಬಂತು. ಲಾರಿ ಎಳೆಯಿತು. ಹತ್ತು ಮಾರು ಹೋಗುವಷ್ಟರಲ್ಲಿ ದೊಡ್ಡಮ್ಮ ಘರ್ಜಿಸಿ ಎದ್ದಳು. ಇಡೀ ಭೂಮಾಪನ ಇಲಾಖೆ ಶಿಳ್ಳೆ ಹಾಕಿತು, ಸಾಹೇಬರೂ ಸೇರಿ.

ಅಲ್ಲಿಂದ ಮನೆಯವರೆಗೆ ನಕ್ಷೆಯಪ್ಪ ಉಸಿರಾಡಿದನೋ ಇಲ್ಲವೋ. ಕೆಂಪು ದೀಪ ಕಂಡಲ್ಲೆಲ್ಲ ಎಂಜಿನ್ನನ್ನು ಗುರುಗುಟ್ಟಿಸುತ್ತ, "ಇನ್ನೊಂದು ಚೂರು, ತಾಯೀ" ಎಂದು ಅಂಗಲಾಚುತ್ತ, ಐದು ಐವತ್ತೆಂಟಕ್ಕೆ ಓಣಿ ಹೊಕ್ಕ. ಡ್ರಿಲ್ ಮಾಸ್ತರು ಗಡಿಯಾರ ನೋಡಿ ಸೆಲ್ಯೂಟ್ ಹೊಡೆದರು. ನೆರೆಹೊರೆಯವರು ಚಪ್ಪಾಳೆ ತಟ್ಟಿದರು.

ಹೆಂಡತಿ ಗೇಟಿಗೆ ಬಂದಳು. ಮುಖದಲ್ಲಿ ನಗು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಕೇಳದ ಮಾತೊಂದನ್ನು ಓಣಿಯ ಎದುರಿಗೇ ಆಡಿದಳು.

"ನಂದೇ ತಪ್ಪಾಯ್ತು ರೀ. ಸುಮ್ನೆ ಅನುಮಾನಪಟ್ಟೆ. ನೀವು ಗೆದ್ರಿ."

ನಕ್ಷೆಯಪ್ಪ ಅರ್ಧ ಅಡಿ ಎತ್ತರವಾದ. ದೊಡ್ಡಮ್ಮನ ಕೆನ್ನೆ ಸವರಿದ. ಆಮೇಲೆ ಅವನಿಗೆ ಗೇಟಿನೊಳಗಿನ ಖಾಲಿ ಜಾಗ ಕಂಡಿತು. ಹೆಂಡತಿ ದಿನಾ ಡ್ಯೂಟಿಗೆ ಒಯ್ಯುವ, ಕೆಮ್ಮೂ ನೆಗಡಿಯೂ ಅರಿಯದ ಪುಟ್ಟ ಬಿಳಿ ಕಾರು ಅಲ್ಲಿರಲಿಲ್ಲ.

"ನಿನ್ನ ಕಾರೆಲ್ಲೇ?"

"ಮಧ್ಯಾಹ್ನವೇ ತಮ್ಮನಿಗೆ ಕೊಟ್ಟುಬಿಟ್ಟೆ. ಪಾಪ, ಬಸ್ಸಲ್ಲಿ ಒದ್ದಾಡ್ತಿದ್ದ. ಇಪ್ಪತ್ತೊಂಬತ್ತು ದಿನ ಕೆಡದೇ ಇದ್ದದ್ದು ಇವತ್ತು ಕೆಡುತ್ತಾ? ಒಂದು ಮನೆಗೆ ಎರಡು ಕಾರು ಯಾಕೆ? ನಾಳೆಯಿಂದ ಇದು ನಂಗೆ. ನಿಮ್ಮ ಆಫೀಸಿಗೆ ಬಸ್ಸಿದೆಯಲ್ಲ. ಎಲ್ಲಿ, ಕೀ ಕೊಡಿ."

ಬಾಯಲ್ಲಿ ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ನಿಜ ಹೇಳಿದರೆ ದೊಡ್ಡಮ್ಮ ನಾಳೆಗೇ ಹೋಟೆಲಿನ ಗೋಡೆಗೆ. ಹೇಳದಿದ್ದರೆ...

"ಆಸ್ಪತ್ರೇಲಿ... ಎಲ್ಲಿ ನಿಲ್ಲಿಸ್ತೀಯ?" ಎಂದು ಕೇಳಿದ.

"ಅಯ್ಯೋ, ಎಷ್ಟು ವಿಶಾಲವಾದ ಅಂಗಳ! ಒಂದು ಗೋಲಿ ಇಟ್ಟರೂ ಉರುಳಲ್ಲ, ಅಷ್ಟು ಸಮ. ಬೆಳಿಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನ ಎರಡೂವರೆಗೆ ವಾಪಸ್."

ನಕ್ಷೆಯಪ್ಪ ಮನಸ್ಸಿನಲ್ಲೇ ನಕ್ಷೆ ಬಿಡಿಸಿ ನೋಡಿದ. ಆಸ್ಪತ್ರೆಯ ಸುತ್ತ ಅರ್ಧ ಮೈಲಿ ಏರುತಗ್ಗಿನ ಒಂದು ಗೆರೆಯೂ ಇಲ್ಲ, ಬರೀ ಬಿಳೀ ಕಾಗದ. ಕೀ ಕೊಟ್ಟ. ಅವಳು ಡ್ಯೂಟಿ ಬಿಡುವ ಹೊತ್ತಿಗೆ ಆ ಅಂಗಳದಲ್ಲಿರಲು ನಾಳೆಯಿಂದ ತನಗೆ ಬೇಕಾದ ಮಧ್ಯಾಹ್ನದ ಅರ್ಧ ದಿನದ ರಜೆಗೆ, ನಿವೃತ್ತರಾಗಿ ಮನೆ ಸೇರಿದ್ದ ಸಾಹೇಬರ ಬದಲಿಗೆ ಬರುವ ಹೊಸ ಸಾಹೇಬರಿಗೆ ಏನು ಕಾರಣ ಬರೆಯುವುದೆಂದು ಯೋಚಿಸುತ್ತ, ಅಂಗಿಯ ತೋಳನ್ನು ನಿಧಾನವಾಗಿ ಮೇಲಕ್ಕೆ ಮಡಚತೊಡಗಿದ.