ಹೋಳಿಗೆಗೆ ಹತ್ತಿದ ಕಣ್ಣು

‘ಇನ್ನು ಮುಂದೆ ನನ್ನ ನಾಲಗೆಯ ಮುದ್ರೆ ಬೀಳದೆ ಒಂದೇ ಒಂದು ಹೋಳಿಗೆ ಈ ಮನೆಯ ಹೊಸ್ತಿಲು ದಾಟಕೂಡದು!’

ಹೀಗೆಂದು ಕಳೆದ ರವಿವಾರ ನಾನು ಘನಘೋರ ಪ್ರತಿಜ್ಞೆ ಮಾಡಿದೆ. ನನ್ನ ಹೆಂಡತಿ ನೇತ್ರಾ ಬೆಟಗೇರಿಯ ನಮ್ಮ ಮನೆಯಲ್ಲೇ ಶೇಂಗಾ ಹೋಳಿಗೆ ಮಾಡಿ ಕೊಡುತ್ತಾಳೆ. ಹೆಸರಿಗೆ ತಕ್ಕಂತೆ, ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ಕಾಳು ಆರಿಸುವವಳು. ಅವತ್ತು ಅವಳಿಗೆ ಮೊದಲ ದೊಡ್ಡ ಆರ್ಡರು: ಮುಂಡರಗಿಯ ಸುಮಿತ್ರವ್ವನ ಮಗಳ ಕುಬುಸಕ್ಕೆ ಇನ್ನೂರು ಹೋಳಿಗೆ! ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಚೆನ್ನಾಗಿದ್ದರೆ ತಾಲೂಕಿಗೆಲ್ಲ ಹೆಸರು. ಕೆಟ್ಟರೆ ಬಸುರಿಯ ಉಡಿ ತುಂಬುವ ದಿನವೇ ಆ ಹೆಸರಿಗೆ ಮಸಿ.

ನನ್ನ ಕಣ್ಣು ಕೆಂಪಾಗಿತ್ತು. ಡಾಕ್ಟರು ಕೊಟ್ಟ ಡ್ರಾಪ್ಸನ್ನು ಎರಡೂ ಕಣ್ಣಿಗೆ ಧಾರಾಳವಾಗಿ ಸುರಿದುಕೊಂಡು, ನ್ಯಾಯಾಧೀಶನ ಗತ್ತಿನಲ್ಲಿ ಅಡಿಗೆಮನೆ ಹೊಕ್ಕೆ. ಬಿಸಿ ಹೋಳಿಗೆ ಮುರಿದು ಬಾಯಿಗಿಟ್ಟೆ. ಕಹಿ!

“ನೇತ್ರಾ, ಕಹಿ ಶೇಂಗಾ ಕೂಡ್ಯಾವ!”

“ಒಂದೊಂದ ಕಾಳ ಆರಿಸೀನ್ರಿ ನಾ!”

ಇನ್ನೊಂದು ಮುರಿದೆ. ಅದೂ ಕಹಿ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ.

“ಬೆಲ್ಲಾನೂ ಕಹಿ ಐತಿ!”

“ಬೆಲ್ಲ ಎಲ್ಲ್ಯರ ಕಹಿ ಇರತೈತೇನ್ರಿ?”

ನೀರು ಕುಡಿದೆ. ಅದೂ ಕಹಿ! “ನಳದ ನೀರೂ ಕೆಟ್ಟೇತಿ!” ಎಂದು ತೀರ್ಪಿತ್ತೆ. ನಸುಕಿನಲ್ಲೇ ಎದ್ದು ದುಡಿದ ನೇತ್ರಾ ಲಟ್ಟಣಿಗೆ ಹಿಡಿದು ನಿಂತೇಬಿಟ್ಟಳು. ಅವಳ ಕಣ್ಣಲ್ಲೂ ನೀರು. ಮನೆಯ ಗಂಡಸಲ್ಲವೇ ನಾನು, ಮುಂಡರಗಿಗೆ ಫೋನು ಹಚ್ಚಿಯೇಬಿಟ್ಟೆ!

“ಸುಮಿತ್ರಕ್ಕಾರ, ಹೋಳಿಗಿ ಕೆಟ್ಟಾವ್ರಿ, ಬರೂದಿಲ್ಲ.”

“ಅಯ್ಯ ಶಿವನ! ಯಾರದೋ ಕಣ್ಣ ಹತ್ತಿರಬೇಕ್ರಿ. ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕ್ರಿ! ಬಂದ ಮಂದಿಗೆ ನಾ ಏನ ಬಡಸಲಿ?”

ಹಂಚಿನ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದ ಪಕ್ಕದ ಮನೆಯ ಗುಲಾಬಬಿ ಒಂದು ತುಂಡು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು.

“ಸಕ್ಕರಿ ಆಗೇತಲ್ಲಪಾ! ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡೀಯೇನು?”

“ಕಣ್ಣಿಗೆ ಹಾಕ್ಕೊಂಡೀನಿ ಚಾಚಿ, ಬಾಯಿಗಲ್ಲ!”

“ಎರಡಕ್ಕೂ ದಾರಿ ಐತಿ. ಕಣ್ಣಿನ ಮೂಲ್ಯಾಗ ಸಣ್ಣ ತೂತು. ಅಲ್ಲಿಂದ ಮೂಗಿಗೆ, ಮೂಗಿಂದ ಗಂಟಲಿಗೆ. ಅದಕ್ಕ ಅಳೂಮುಂದ ಮೂಗೂ ಸೋರತೈತಿ. ನನ್ನ ಕಣ್ಣ ಆಪರೇಶನ್ ಆದಾಗ ಚಹಾನೂ ಕಹಿ ಹತ್ತತಿತ್ತು. ಡ್ರಾಪ್ಸ್ ಹಾಕಿದ ಮ್ಯಾಲ ಕಣ್ಣ ಮುಚ್ಚಿ, ಮೂಗಿನ ಕಡಿ ಮೂಲಿ ಬೆರಳಿಲೆ ಒತ್ತಿ, ಎರಡ ನಿಮಿಷ ಸುಮ್ಮನ ಕುಂಡ್ರಬೇಕು. ಆಗ ಗಂಟಲಿಗೆ ಇಳಿಯೂದಿಲ್ಲ.”

ಬಿ.ಎಸ್‌ಸಿ. ಪಾಸಾದ ನಾನು ಬೆರಗಾಗಿ ನಿಂತೆ! ನನ್ನದೇ ಮುಖದಲ್ಲಿ ಇಂಥ ಒಳದಾರಿ ಇರುವುದು ನಲವತ್ತಾರು ವರ್ಷ ನನಗೇ ಗೊತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಗುಲಾಬಬಿಗೆ ಮನಸ್ಸಿನಲ್ಲೇ ಕೈಮುಗಿದೆ. ನೇತ್ರಾ ಕಣ್ಣೊರೆಸಿಕೊಂಡು ನಕ್ಕಳು.

“ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತ ಕೇಳಿದ್ದೆ. ಡ್ರಾಪ್ಸ್ ಹಾಕಿದ ಕಣ್ಣಿಗೆ ಉಂಡದ್ದೆಲ್ಲಾ ಕಹಿ ಅನ್ನೂದು ಇವತ್ತ ಗೊತ್ತಾತು!”

ನನ್ನ ಕೈಯಿಂದ ಫೋನು ಕಿತ್ತುಕೊಂಡು ಮುಂಡರಗಿಗೆ ಹಚ್ಚಿದಳು. “ಸುಮಿತ್ರಕ್ಕಾರ, ನೀವಂದದ್ದು ಖರೇನ. ಹೋಳಿಗಿಗೆ ಕಣ್ಣ ಹತ್ತಿತ್ತು. ನಮ್ಮ ಮನಿಯವರದ! ಹನ್ನೊಂದಕ್ಕ ಕಳಸ್ತೀನ್ರಿ.”

ಸಂಜೆ ಖಬರ ಬಂತು: ಇನ್ನೂರರಲ್ಲಿ ಒಂದೂ ಉಳಿದಿಲ್ಲ, ಕೂಸು ಹುಟ್ಟಿದ ಮೇಲೆ ತೊಟ್ಟಿಲಿಗೂ ನೇತ್ರಾಳದೇ ಹೋಳಿಗೆ! ಖರೆ ಹೇಳುತ್ತೇನೆ, ಹೆಮ್ಮೆಯಿಂದ ನನ್ನೆದೆ ಉಬ್ಬಿತು. ನೇತ್ರಾ ನನಗೆಂದು ತೆಗೆದಿಟ್ಟ ಎರಡು ಹೋಳಿಗೆ ತಂದು ತುಪ್ಪ ಹಾಕಿ ಮುಂದಿಟ್ಟಳು. ತಿಂದೆ. ಅಮೃತ! ಹೊಗಳಲೆಂದು ಬಾಯಿ ತೆರೆದೆ.

“ತಡೀರಿ! ಮೊದಲ ಕಣ್ಣ ಮುಚ್ಚಿ ಎರಡ ನಿಮಿಷ ಸುಮ್ಮನ ಕುಂಡ್ರಿ.”

“ಈಗ ಡ್ರಾಪ್ಸ್ ಹಾಕ್ಕೊಂಡಿಲ್ಲಲ್ಲ ನಾ!”

“ಇದು ಡ್ರಾಪ್ಸಿಗಲ್ರಿ, ನಿಮ್ಮ ಬಾಯಿಗೆ!”