ಕುಗ್ಗುವ ಸೂರ್ಯಕಾಂತಿ

ಅಳತೆಯ ವಿಷಯದಲ್ಲಿ ತನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂದು ದರ್ಜಿಗೆ ಬಲವಾದ ನಂಬಿಕೆ. ಇಪ್ಪತ್ತೆರಡು ವರ್ಷದಿಂದ ಪಕ್ಕದ ಶಾಲೆಯ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿದವನು. ಕೊರಳಲ್ಲಿ ಟೇಪು ಇಲ್ಲದೆ ಅವನನ್ನು ಕಂಡವರಿಲ್ಲ (ಸ್ನಾನಕ್ಕೂ ಹಾಕಿಕೊಂಡೇ ಹೋಗುತ್ತಾನೆ ಎಂಬುದು ಹೆಂಡತಿಯ ದೂರು). ಅಂಥ ಅಳತೆ ಸಾಮ್ರಾಟನ ಒಬ್ಬಳೇ ಮಗಳು ಪುಟ್ಟಿ ಲೆಕ್ಕದಲ್ಲಿ ಐವತ್ತಕ್ಕೆ ಹನ್ನೊಂದು ಅಂಕ ತಂದಿದ್ದಳು. ದೀಪದ ಬುಡದಲ್ಲೇ ಕತ್ತಲೆ ಎಂದು ನೆರೆಯವರು ಆಡಿಕೊಳ್ಳಲು ಅಷ್ಟು ಸಾಕಾಯಿತು.

ಅಂಕ ಹೋದರೆ ಹೋಗಲಿ, ದರ್ಜಿಗೆ ನೋವಾಗಿದ್ದು ಬೇರೆ ಕಾರಣಕ್ಕೆ. ತಪ್ಪು ಉತ್ತರಕ್ಕೆ ತರಗತಿಯೆಲ್ಲ ನಕ್ಕ ದಿನದಿಂದ ಪುಟ್ಟಿ ಎದ್ದು ನಿಂತು ಮಾತಾಡುವುದನ್ನೇ ಬಿಟ್ಟಿದ್ದಳು. ಏಕೆ ಎಂದು ಕೇಳಿದರೆ, ನೆಗಡಿಯಾಗಿದೆ ಎನ್ನುವಷ್ಟು ಸಲೀಸಾಗಿ, "ನಂಗೆ ಲೆಕ್ಕ ಬರಲ್ಲಪ್ಪ" ಎಂದುಬಿಡುತ್ತಿದ್ದಳು. ಹತ್ತು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ಅವನ ಕತ್ತರಿ ಗೆರೆ ತಪ್ಪುತ್ತಿತ್ತು.

ಇಂಥ ಹೊತ್ತಿನಲ್ಲಿ ಲೆಕ್ಕದ ಮೇಡಂ ಒಂದು ಹೊಸ ಕೆಲಸ ಕೊಟ್ಟರು. ಪ್ರತಿ ಮಗುವೂ ಒಂದು ಹೂಗಿಡ ಬೆಳೆಸಿ, ಮೊಳಕೆ ಬಂದ ಮೇಲೆ ಮೂರು ವಾರ ದಿನವೂ ಅದರ ಎತ್ತರ ಅಳೆದು ಬರೆದಿಡಬೇಕು. ಆಮೇಲೆ ಅದರ ಗ್ರಾಫ್ ಬರೆದು, ತರಗತಿಯ ಮುಂದೆ ನಿಂತು ವಿವರಿಸಬೇಕು. ಕೊನೆಯ ಮಾತಿಗೆ ಪುಟ್ಟಿಯ ಮುಖ ಬಾಡಿತು, ದರ್ಜಿಯ ಮುಖ ಮಾತ್ರ ಅರಳಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

"ಅಳೆಯೋದು ತಾನೆ? ಅದು ನಮ್ಮ ಮನೆ ಕಸುಬು. ನಾನು ಹೇಳ್ತೀನಿ, ನೀನು ಬರ್ಕೋ."

"ರೀ, ಅದು ಅವಳ ಪಾಠ, ನಿಮ್ಮದಲ್ಲ," ಎಂದಳು ಗುಂಡಿ ಹಾಕುತ್ತಿದ್ದ ಹೆಂಡತಿ, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸುತ್ತ. ಆದರೆ ಉತ್ಸಾಹ ಬಂದ ಗಂಡನ ಕಿವಿಗೆ ಹೆಂಡತಿಯ ಮಾತು ಎಂದಾದರೂ ಬಿದ್ದಿದೆಯೇ?

ಬಿರುಕು ಬಿಟ್ಟ ಬಕೆಟ್ಟಿನಲ್ಲಿ ಸೂರ್ಯಕಾಂತಿಯ ಬೀಜ ಬಿತ್ತು, ಮೊಳಕೆಯೂ ಬಂತು. ದಿನ ಬಿಟ್ಟು ದಿನ ದರ್ಜಿಯೇ ಟೇಪು ಹಿಡಿದು, ಅಂಗಡಿಯಲ್ಲಿ ಎದೆ, ತೋಳು ಎಂದು ರಾಗವಾಗಿ ಕೂಗುವಂತೆಯೇ ಎತ್ತರವನ್ನು ಕೂಗುತ್ತಿದ್ದ. ಉಳಿದ ದಿನ ಅವನು ಬಟ್ಟೆ ತರಲು ಬೇಗ ಹೊರಡುತ್ತಿದ್ದುದರಿಂದ ಪುಟ್ಟಿಯೇ ಅಳೆದು ಬರೆದುಕೊಳ್ಳುತ್ತಿದ್ದಳು. ಎರಡನೆಯ ವಾರ ಪುಸ್ತಕ ತೆರೆದು ನೋಡಿದ ದರ್ಜಿ ಬೆಚ್ಚಿಬಿದ್ದ. ಸೋಮವಾರ ಆರು ಇಂಚು, ಮಂಗಳವಾರ ಐದೂಕಾಲು. ಬುಧವಾರ ಆರೂವರೆ, ಗುರುವಾರ ಐದೂಮುಕ್ಕಾಲು. ಅವನ ಮನೆಯ ಸೂರ್ಯಕಾಂತಿ ದಿನ ಬಿಟ್ಟು ದಿನ ಕುಗ್ಗುತ್ತಿತ್ತು.

ಗೊಬ್ಬರ ಹಾಕಿದ್ದಾಯಿತು, ಬಕೆಟ್ಟನ್ನು ಬಿಸಿಲಿಗೆ ಎಳೆದದ್ದಾಯಿತು. ಉದ್ಯಾನದ ಮಾಲಿಯನ್ನು ಹಿಡಿದು ಕೇಳಿದರೆ, ಮೂವತ್ತು ವರ್ಷದಲ್ಲಿ ಕುಗ್ಗುವ ಗಿಡ ಕಂಡಿಲ್ಲವೆಂದು ಹೇಳಿ ಮೆಲ್ಲಗೆ ಇವನ ಬಾಯಿಯ ವಾಸನೆ ನೋಡಿದ. ಕೊನೆಗೆ ದರ್ಜಿ ತನ್ನ ತೀರ್ಪು ಕೊಟ್ಟ.

"ನಿನಗೆ ಟೇಪು ಹಿಡಿಯೋಕೆ ಬರಲ್ಲ ಪುಟ್ಟಿ. ನಿನ್ನ ಅಂಕಿ ಎಲ್ಲ ಅಳಿಸಿಬಿಡು."

"ಅಂದ್ರೆ ನಂಗೆ ಅಳೆಯೋಕೂ ಬರಲ್ವಾ ಅಪ್ಪ?"

ಆಡಿದ ಮಾತಿಗೆ ದರ್ಜಿಯೇ ಮರುಗಿದ. ಮಗಳು ಮಾತ್ರ ರಬ್ಬರು ಹಿಡಿದು ಬಹಳ ಹೊತ್ತು ಕೂತಿದ್ದು, ಏನನ್ನೂ ಅಳಿಸದೆ ಎದ್ದುಹೋದಳು.

ಮಾರನೆಯ ದಿನ ಅವಳು ತನ್ನ ಮರದ ಸ್ಕೇಲು ತಂದು, ಇದನ್ನು ಅಳೆದು ಹೇಳು ಎಂದಳು. ಹನ್ನೆರಡು ಎಂದ. ಆಮೇಲೆ ತನ್ನ ತೋಳು ಚಾಚಿದಳು. ಹದಿನೇಳು ಎಂದ. ಅವಳು ಏನೋ ಗೀಚಿಕೊಂಡು ಹೋದಳು. ಪಾಪ, ಟೇಪು ಹಿಡಿಯುವುದನ್ನು ನೋಡಿ ಕಲಿಯುತ್ತಿದೆ ಮಗು ಎಂದು ದರ್ಜಿಯ ಕಣ್ಣು ತುಂಬಿ ಬಂತು.

ತರಗತಿಯಲ್ಲಿ ವಿವರಿಸಬೇಕಾದ ದಿನ ಬಂತು. ಅಂಗಡಿಯಲ್ಲಿ ದರ್ಜಿಗೆ ಹೊಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ. ಆಗಲೇ ಒಬ್ಬ ತಾಯಿ ಬಂದು, ಮಗಳ ಷರ್ಟಿನ ತೋಳು ಬೆರಳು ಮುಚ್ಚುವಷ್ಟು ಉದ್ದವಾಗಿದೆ ಎಂದು ಜಗಳಕ್ಕೆ ನಿಂತರು. ದರ್ಜಿ ಇಪ್ಪತ್ತೆರಡು ವರ್ಷದಿಂದ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟ. "ಬೆಳೆಯೋ ಮಗು ಅಮ್ಮ, ಒಂದು ಇಂಚು ಜಾಸ್ತಿ ಇಟ್ಟಿದ್ದೀನಿ."

ಹಾಗೆಂದವನು ಹಾಗೇ ನಿಂತುಬಿಟ್ಟ. ಕಣ್ಣು ಐದು ಎಂದರೆ ನಾಲಿಗೆ ಆರು ಎನ್ನುವುದು ಅವನಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ಸೂರ್ಯಕಾಂತಿಗೂ ಅವನು ಹಾಗೆಯೇ ಒಂದೊಂದು ಇಂಚು ಕೂಡಿಸಿ ಕೂಗಿದ್ದ, ತಪ್ಪನ್ನು ತಂದು ಮಗುವಿನ ತಲೆಗೆ ಕಟ್ಟಿದ್ದ. ಈಗ ಆ ಮಗು ಎಲ್ಲರೆದುರು ಮತ್ತೆ ನಗೆಪಾಟಲಾಗುತ್ತದೆ.

ವಿಷಯ ತಿಳಿದ ಹೆಂಡತಿ, "ಓಡಿ ರೀ, ಅಂಗಡಿ ನಾನು ನೋಡ್ಕೋತೀನಿ. ಈ ಬುದ್ಧಿ ಮೂರು ವಾರ ಮುಂಚೆ ಬಂದಿದ್ರೆ ಏನಾಗ್ತಿತ್ತು?" ಎಂದು ಅಟ್ಟಿದಳು.

ಅವನು ಏದುಸಿರು ಬಿಡುತ್ತ ತರಗತಿಯ ಬಾಗಿಲು ಮುಟ್ಟುವಾಗ ಪುಟ್ಟಿ ಕಪ್ಪು ಹಲಗೆಯ ಮುಂದೆ ನಿಂತಿದ್ದಳು. ಹಲಗೆಯ ಮೇಲೆ ಒಂದಲ್ಲ, ಎರಡು ಗೆರೆಗಳಿದ್ದವು, ಒಂದರ ಮೇಲೊಂದು, ಒಂದೇ ಸಮನೆ ಏರುತ್ತ.

"ಕೆಳಗಿನ ಗೆರೆ ಗಿಡದ್ದು," ಎಂದಳು. "ಮೇಲಿನದು ನಮ್ಮಪ್ಪ ಅಳೆದಿದ್ದು. ಯಾವತ್ತು ನೋಡಿದ್ರೂ ಒಂದು ಇಂಚು ವ್ಯತ್ಯಾಸ. ಅಂದ್ರೆ ಗಿಡ ಕುಗ್ಗಲಿಲ್ಲ."

ನಿನ್ನದೇ ಸರಿ ಎಂದು ಹೇಗೆ ಗೊತ್ತಾಯಿತು ಎಂದು ಮೇಡಂ ಕೇಳಿದರು.

"ಅಪ್ಪನ ಕೈಲಿ ಸ್ಕೇಲು ಅಳೆಸಿದೆ ಮೇಡಂ. ಸರಿಯಾಗಿ ಹನ್ನೆರಡು ಅಂದ್ರು. ನನ್ನ ತೋಳು ಸ್ಕೇಲಲ್ಲಿ ಅಳೆದ್ರೆ ಹದಿನಾರು, ಅದಕ್ಕೆ ಹದಿನೇಳು ಅಂದ್ರು. ಸ್ಕೇಲು ಬೆಳೆಯಲ್ಲ. ಬೆಳೆಯೋದಕ್ಕೆಲ್ಲ ಅಪ್ಪ ಒಂದು ಇಂಚು ಜಾಸ್ತಿ ಇಡ್ತಾರೆ."

ಮಕ್ಕಳೆಲ್ಲ ತಮ್ಮ ತಮ್ಮ ಷರ್ಟಿನ ತೋಳು ನೋಡಿಕೊಂಡರು, ಬಾಗಿಲಲ್ಲಿ ನಿಂತಿದ್ದ ದರ್ಜಿಯನ್ನು ನೋಡಿದರು, ಹೋ ಎಂದು ನಕ್ಕರು. ಈ ಸಲ ಪುಟ್ಟಿಯೂ ಅವರ ಜೊತೆ ಸೇರಿ ನಕ್ಕಳು. ದರ್ಜಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಮೇಡಂ ಅವನನ್ನು ಒಳಗೆ ಕರೆದು ಪುಸ್ತಕ ಕೊಟ್ಟರು. ಪೂರ್ತಿ ಅಂಕ ಬಂದಿತ್ತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, "ಮಗಳು ಚೆನ್ನಾಗಿ ಅಳೆಯುತ್ತಾಳೆ. ತಂದೆಗೆ ಇನ್ನೂ ಅಭ್ಯಾಸ ಬೇಕು" ಎಂದಿತ್ತು. ಅದರ ಕೆಳಗೆ ಪೋಷಕರ ಸಹಿಗೆ ಜಾಗ.

ದರ್ಜಿ ಸಹಿ ಹಾಕಿದ. ಪುಟ್ಟಿ ಪುಸ್ತಕ ತೆಗೆದುಕೊಂಡು, ಶಾಯಿ ಆರಲೆಂದು ಊದಿ, ಅವನ ಬೆನ್ನು ತಟ್ಟಿದಳು.

"ಬೇಜಾರು ಮಾಡ್ಕೋಬೇಡಪ್ಪ. ನಾಳೆಯಿಂದ ಅಳೆಯೋದು ನಾನು ಹೇಳಿಕೊಡ್ತೀನಿ."