ಜೀಪಿನ ತುಕ್ಕು ಬಿಡಿಸಿದ್ದು

ಗಡಿಯಾರ ರಿಪೇರಿಯವನು ಬೆಳಗ್ಗೆ ಎದ್ದವನೇ ತನ್ನ ಹಳೇ ಜೀಪಿನ ಅಡಿಗೆ ತೂರಿ, ಅದರ ಬೆನ್ನೆಲುಬಾದ ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಸುಮ್ಮನೆ ಒಮ್ಮೆ ಕೆರೆದ. ಅಂಗೈಯಗಲದ ತುಕ್ಕಿನ ಚಕ್ಕೆ ಕಳಚಿ ನೇರ ಬಾಯಿಗೇ ಬಿತ್ತು.

"ಏನೋ ಅದು?" ಎಂದಳು ಮೆಟ್ಟಿಲ ಮೇಲಿದ್ದ ಅಮ್ಮ.

"ತುಕ್ಕು, ಅಮ್ಮಾ."

"ಉಗಿಯೋ! ಡಾಕ್ಟರು ಕಬ್ಬಿಣ ಬರೆದಿರೋದು ನನಗೆ, ನೀನ್ಯಾಕೆ ತಿಂತೀಯ?"

ಅವನಿಗೆ ನಗು ಬರಲಿಲ್ಲ. ಅಮ್ಮನ ಮೂತ್ರಪಿಂಡಗಳೆರಡೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡಿಸಬೇಕು. ಆ ಕಲ್ಲುದಾರಿಯಲ್ಲಿ ಬೇರೆ ಗಾಡಿಗಳು ಅರ್ಧಕ್ಕೇ ಕೈಮುಗಿಯುತ್ತವೆ. ಇವತ್ತು ಅವಳ ಸರದಿ, ಇವತ್ತೇ ಸಾರಿಗೆ ಇಲಾಖೆಯವರಿಂದ ಜೀಪಿನ ತಪಾಸಣೆ. ಜೀಪು ನಿಂತರೆ ಅಮ್ಮ ನಿಂತಂತೆಯೇ.

ಗಡಿಯಾರ ಒರೆಸುವ ಪುಟಾಣಿ ಬ್ರಷ್ಷು ಹಿಡಿದು ಉಜ್ಜತೊಡಗಿದ. ಪಕ್ಕದ ಮನೆಯ ನಿವೃತ್ತ ಪೇದೆ ಇಣುಕಿದ.

"ಹೀಗೆ ಉಜ್ಜಿದ್ರೆ ತಪಾಸಣೆ ನಿನ್ನ ಮೊಮ್ಮಗನ ಕಾಲಕ್ಕೆ."

"ನನಗಿನ್ನೂ ಮದುವೇನೇ ಆಗಿಲ್ಲ."

"ಅದನ್ನೇ ಹೇಳಿದ್ದು. ಸರಿ ಆಚೆಗೆ."

ಕಳ್ಳರ ಬಾಯಿ ಬಿಡಿಸಿದ ಕೈ ಸುತ್ತಿಗೆ ಹಿಡಿದು ಚಾಸಿಯನ್ನು ಉದ್ದಕ್ಕೂ ತಟ್ಟಿತು. ಎಲ್ಲ ಕಡೆಯೂ ಠಣ್ ಎಂದಿತು. "ದಬ್ ಅಂದ್ರೆ ಒಳಗೆ ಟೊಳ್ಳು. ಇದು ಗಟ್ಟಿ, ಮೇಲಿನ ಕೊಳೆ ತೆಗೆದ್ರೆ ಸಾಕು" ಎಂದು ತೀರ್ಪಿತ್ತ.

ಸದ್ದು ಕೇಳಿದ ಮೇಲೆ ಎದುರುಮನೆಯ ಗ್ರಿಲ್ ವೆಲ್ಡರ್ ಸುಮ್ಮನಿರುತ್ತಾನೆಯೇ? ಗ್ರೈಂಡಿಂಗ್ ಮಷೀನು ಹಿಡಿದೇ ಬಂದ.

"ಮೇಲ್ಮೇಲೆ ಉಜ್ಜಿದ್ರೆ ಸಾಕಪ್ಪಾ" ಎಂದ ಗಡಿಯಾರದವನು.

"ಅರೆಬರೆ ಕೆಲಸ ನನಗೆ ಆಗ್ಬರಲ್ಲ."

ಕಿಡಿ ಹಾರಿತು. "ಮುಂದಿನ ಚಕ್ರದ ಹತ್ರ ಇನ್ನೂ ಒರಟಿದೆ ನೋಡು" ಎಂದು ಪೇದೆ ಜೀಪಿನಡಿ ಮಲಗಿಕೊಂಡೇ ದಾರಿ ತೋರಿಸಿದ. ತುಕ್ಕು ಹೋಗಿ ಬೆಳ್ಳನೆಯ ಕಬ್ಬಿಣ ಬಂತು. ಅದಕ್ಕೆ ತುಕ್ಕುನಾಶಕ, ಕೆಂಪು ಪ್ರೈಮರ್, ಕಪ್ಪು ಬಣ್ಣ ಬಳಿದು ಬಿಸಿಲಿಗೆ ಒಣಗಿಸಿದರು. ಇಷ್ಟು ಒಳ್ಳೆಯ ನೆರೆಹೊರೆ ಯಾರಿಗುಂಟು ಎಂದು ಗಡಿಯಾರದವನ ಕಣ್ಣು ತುಂಬಿತು.

ತಪಾಸಣೆಯ ಅಂಗಳ ಗುಡ್ಡದ ಬುಡದಲ್ಲೇ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋದ. ಸಾಕ್ಷಿಗಿರಲಿ ಎಂದು ಪೇದೆಯೂ ಹತ್ತಿದ.

ಇನ್‌ಸ್ಪೆಕ್ಟರು ಅಡಿಗೆ ನುಗ್ಗಿ ತಟ್ಟಿ ನೋಡಿದ. "ಇಂಥ ಚಾಸಿ ಹೊಸ ಗಾಡಿಗೂ ಇರಲ್ಲ ಕಣ್ರೀ!"

ಪೇದೆ ಮೀಸೆ ತಿರುವಿದ. ಇನ್‌ಸ್ಪೆಕ್ಟರು ಮಾತ್ರ ಮುಂದಿನ ಚಕ್ರದ ಬಳಿ ಟಾರ್ಚು ಹಾಕಿ ಹುಡುಕುತ್ತಲೇ ಇದ್ದ.

"ಇಲ್ಲಿ ಚಾಸಿ ನಂಬರು ಕೊರೆದಿರ್ಬೇಕಿತ್ತಲ್ಲ?"

"ತುಕ್ಕು ಉಜ್ಜಿದ್ವಿ ಸಾರ್..."

"ನಂಬರ್ ಉಜ್ಜೋರು ಕಳ್ಳರು ಕಣ್ರೀ. ತುಕ್ಕಿದ್ದಿದ್ರೆ ಸರಿಮಾಡ್ಕೊಂಡು ಬನ್ನಿ ಅಂತ ಒಂದು ತಿಂಗಳು ಬಿಡ್ತಿದ್ದೆ. ಇದನ್ನ ಬಿಡೋ ಹಾಗಿಲ್ಲ. ಕೀ ಕೊಡಿ."

ಮನೆಯಲ್ಲಿ ಏನೋ ಕೆಲಸ ನೆನಪಾಗಿ ಪೇದೆ ಆಗಲೇ ಗೇಟು ದಾಟಿದ್ದ.

"ಸಾರ್, ಅಮ್ಮನ್ನ ಆಸ್ಪತ್ರೆಗೆ..."

ಇನ್‌ಸ್ಪೆಕ್ಟರ ಮುಖ ಸಣ್ಣದಾಯಿತು. ಆದರೆ ಚಾಚಿದ ಕೈ ಚಾಚಿದಂತೆಯೇ ಇತ್ತು. ಗಡಿಯಾರದವನು ಕೀ ಕೊಟ್ಟು, ಅಮ್ಮನನ್ನು ಇಳಿಸಿ, ಗುಡ್ಡದ ಕಡೆ ನೋಡುತ್ತ ಅತ್ತೇಬಿಟ್ಟ.

ಅಮ್ಮ ಸೆರಗು ಸಿಕ್ಕಿಸಿಕೊಂಡಳು.

"ಅಳಬೇಡ, ಬಗ್ಗು. ಬೆನ್ನಿಗೇರ್ತೀನಿ. ನಿನಗಾದ್ರೆ ಯಾರೂ ನಂಬರ್ ಕೇಳಲ್ಲ."